ಬಲಗಡೆಯ ಬಾಗಿಲು

ಇಟಲಿಯ ಕಟಾನಿಯಾ ವಿಮಾನ ನಿಲ್ದಾಣದ ಪಾರ್ಕಿಂಗ್ ಜಾಗದಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ಬಾಲರಾಜು ಬಾಡಿಗೆ ಕಾರಿಗೆ ಮೂರು ಸುತ್ತು ಬಂದ. ದೇವಸ್ಥಾನದಲ್ಲೂ ಅವನು ಇಷ್ಟು ಭಕ್ತಿಯಿಂದ ಪ್ರದಕ್ಷಿಣೆ ಹಾಕಿದ್ದನ್ನು ಹೆಂಡತಿ ಭಾನುಪ್ರಿಯ ನೋಡಿರಲಿಲ್ಲ. ಬಂಪರ್ ಮೇಲೆ ಅಂಗೈ ಸವರಿದ, ಬಗ್ಗಿ ಚಕ್ರದ ಸಂದಿ ನೋಡಿದ, ಒಂದೊಂದು ಗೀರಿಗೂ ಫೋಟೊ ಹೊಡೆದ. ಕೀ ಕೊಟ್ಟ ಹುಡುಗಿ ಕಾಗದದಲ್ಲಿ ಎರಡು ಗೀರು ಅಂತ ಬರೆದಿದ್ದಳು. ಇವನು ಹನ್ನೊಂದು ತೋರಿಸಿದ.

"ಸಾಕು ಬಿಡಿ, ಆ ಹುಡುಗಿ ಅಳೋ ಹಂಗವ್ಳೆ," ಅಂದಳು ಭಾನುಪ್ರಿಯ.

"ಇರು, ಹಿಂದ್ಗಡೆ ಬಾಗ್ಲು ಒಸಿ ಇಳ್ದೈತೆ. ಅದ್ನೂ ಬರ್ಕಳ್ಲಿ."

ಅವನಿಗೆ ಹೇಳಿ ಪ್ರಯೋಜನವಿರಲಿಲ್ಲ. ಬಿಡದಿಯ ಕಾರ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ ಅವನ ಕೆಲಸವೇ ಅದು. ಲೈನಿನ ಕೊನೆಯಲ್ಲಿ ನಿಂತು, ಬಂದ ಪ್ರತಿ ಕಾರಿನ ನಾಲ್ಕೂ ಬಾಗಿಲು ತೆಗೆದು, ಮುಚ್ಚಿ, ಸದ್ದು ಕೇಳಿ, ಸರಿಯಿದೆ ಅಂತ ಟಿಕ್ ಹಾಕುವುದು. ದಿನಕ್ಕೆ ಏನಿಲ್ಲವೆಂದರೂ ಐನೂರು ಬಾಗಿಲು. ಮದುವೆಯಾದ ಏಳು ವರ್ಷದಲ್ಲಿ ಹೆಂಡತಿಗೆ ಅಂತ ಮಾತ್ರ ಒಂದು ಬಾಗಿಲನ್ನೂ ತೆಗೆದವನಲ್ಲ. ಭಾನುಪ್ರಿಯಳಿಗೆ ಅದರ ಬೇಜಾರೂ ಇರಲಿಲ್ಲ. ನಮ್ಮ ಕಡೆಯ ಗಂಡಂದಿರು ಕಾರು ಸ್ಟಾರ್ಟ್ ಮಾಡಿ, ಒಳಗೆ ಕೂತು, ಎರಡು ಸಲ ಹಾರ್ನ್ ಹೊಡೆದರೆ ಅದೇ ಪ್ರೀತಿಯ ಕರೆ ಅಂತ ತಿಳಿದುಕೊಳ್ಳಬೇಕು.

ಆದರೆ ಆವತ್ತು ಪ್ರದಕ್ಷಿಣೆ ಮುಗಿಸಿದ ಬಾಲರಾಜು ನೇರ ಕಾರಿನ ಬಲಗಡೆಗೆ ಬಂದು ಬಾಗಿಲು ತೆಗೆದು ಹಿಡಿದ. ಆ ದೇಶದಲ್ಲಿ ಸ್ಟೀರಿಂಗ್ ಎಡಕ್ಕೆ, ಪಕ್ಕದವರ ಸೀಟು ಬಲಕ್ಕೆ. ಭಾನುಪ್ರಿಯ ತೆರೆದ ಬಾಗಿಲನ್ನು ನೋಡಿದಳು, ಗಂಡನ ಮುಖ ನೋಡಿದಳು.

"ಏನಿದು ಹೊಸದಾಗಿ?" ಅಂದಳು. ನಗು ತಡೆಯಲಾಗಲಿಲ್ಲ. ದುಪಟ್ಟಾ ಎತ್ತಿ ಹಿಡಿದು ಒಳಗೆ ಕೂತಳು.

ಅವನು ಒಂದು ಗಳಿಗೆ ಹಾಗೇ ನಿಂತಿದ್ದ. ಆಮೇಲೆ ಮೆತ್ತಗೆ ಬಾಗಿಲು ಮುಚ್ಚಿದ.

ಅವರು ಅಲ್ಲಿಯ ತನಕ ಹೋದದ್ದೇ ದೊಡ್ಡ ಆಶ್ಚರ್ಯ. ಬಾಲರಾಜುವಿನದು ಸಾತನೂರಿನ ರೇಷ್ಮೆ ಹುಳ ಸಾಕುವ ಮನೆ. ಹುಳವಿರುವ ಮನೆಯಿಂದ ಜನ ಆಚೆ ಈಚೆ ಹೋಗುವಂತಿಲ್ಲ, ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು. ಇವರ ಮದುವೆಯಾದ ವಾರಕ್ಕೆ ಸರಿಯಾಗಿ ಹುಳ ಹಸಿದು ತಿನ್ನುವ ಕಾಲ ಬಂತು. ಹನಿಮೂನಿಗೆ ಅಂದುಕೊಂಡಿದ್ದ ಮೂರು ದಿನ ಸೊಪ್ಪು ಹೊರುವುದರಲ್ಲೇ ಕಳೆಯಿತು. ಆಮೇಲೆ ಕೆಲಸಕ್ಕೆಂದು ರಾಮನಗರದ ಐಜೂರಿನಲ್ಲಿ ಮನೆ ಮಾಡಿದರು, ಮಗಳು ಹುಟ್ಟಿದಳು, ಹನಿಮೂನಿನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಭಾನುಪ್ರಿಯ ಮಹಿಳಾ ಸಂಘದಲ್ಲಿ ಹುಡುಗಿಯರಿಗೆ ರೇಷ್ಮೆ ಗೂಡಿನಿಂದ ಕೈಯಲ್ಲಿ ನೂಲು ತೆಗೆಯುವುದನ್ನು ಕಲಿಸುತ್ತಿದ್ದಳು. ಗೂಡಿನ ಮಾರ್ಕೆಟ್ ನೋಡಲು ಬಂದಿದ್ದ ಗ್ರಾಜಿಯಾ ಅನ್ನುವ ಇಟಲಿಯ ಹೆಂಗಸು ಅವಳ ಬೆರಳನ್ನೇ ನೋಡುತ್ತ ಒಂದಿಡೀ ಮಧ್ಯಾಹ್ನ ಕೂತುಬಿಟ್ಟಳು. ಸಿಸಿಲಿಯ ತನ್ನ ಊರಿನಲ್ಲಿ ಅಜ್ಜಿಯರ ಕಾಲಕ್ಕೇ ನಿಂತುಹೋದ ರೇಷ್ಮೆ ಕೆಲಸವನ್ನು ನಾಲ್ಕಾರು ಹೆಂಗಸರು ಸೇರಿ ಮತ್ತೆ ಶುರು ಮಾಡಿದ್ದೇವೆ, ಬಂದು ಎರಡು ದಿನ ಹೇಳಿಕೊಡು ಅಂದಳು. ಗಂಡ ಹೆಂಡತಿ ಇಬ್ಬರಿಗೂ ಟಿಕೆಟ್ ಬಂತು. ಉಳಿದ ದಿನ ಕಾರು ತಗೊಂಡು ಸಮುದ್ರದ ದಂಡೆ ಸುತ್ತಿ ಅಂತಲೂ ಬರೆದಿದ್ದಳು.

"ಹೋಗ್ಬನ್ನಿ," ಅಂದಿದ್ದರು ಅತ್ತೆ ಸರಸಮ್ಮ. "ಹುಳಾನೂ ನಾನೇ ನೋಡ್ಕತೀನಿ, ಮಗೀನೂ ನಾನೇ ನೋಡ್ಕತೀನಿ. ಎರಡಕ್ಕೂ ತಿನ್ನೋದೊಂದೇ ಕೆಲ್ಸ."

ಹಾಗೆ ಸಿಕ್ಕಿದ ದಿನಗಳು ಅವು. ಸಿರಾಕೂಸಾ, ರಗೂಸಾ, ಅಗ್ರಿಜೆಂತೊ. ಹೆಸರು ಹೇಳಲು ಇಬ್ಬರಿಗೂ ನಾಲಿಗೆ ತಿರುಗುತ್ತಿರಲಿಲ್ಲ, ಆದರೆ ಕಾರು ತಿರುಗಿದ ಕಡೆಯಲ್ಲೆಲ್ಲ ಮೆಡಿಟರೇನಿಯನ್ ಸಮುದ್ರ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಕಲ್ಲು ಹಾಸಿದ ಓಣಿಗಳು ಎಷ್ಟು ಕಿರಿದೆಂದರೆ ಬಾಲರಾಜು ಕನ್ನಡಿ ಮಡಚಿ, ಉಸಿರು ಬಿಗಿಹಿಡಿದು ಓಡಿಸುತ್ತಿದ್ದ. ಉಸಿರು ಹಿಡಿದರೆ ಕಾರೂ ಸಣ್ಣದಾಗುತ್ತದೆ ಅನ್ನುವ ಹಾಗೆ. ಗುಡ್ಡದ ತುಂಬ ಪಾಪಾಸುಕಳ್ಳಿ ಕಂಡಾಗ, "ಇದುನ್ನ ನೋಡಕ್ಕೆ ಇಷ್ಟು ದೂರ ಬರ್ಬೇಕಿತ್ತಾ, ಕನಕಪುರದ್ ದಾರೀಲೇ ಇತ್ತಲ್ಲ," ಅಂದ. ಮಧ್ಯಾಹ್ನ ಸಮುದ್ರದ ಕಟ್ಟೆಯ ಮೇಲೆ ಕೂತು ಅಲ್ಲಿಯ ಬ್ರೆಡ್ಡಿಗೆ ಮನೆಯ ಚಟ್ನಿಪುಡಿ ಹಚ್ಚಿಕೊಂಡು ತಿಂದರು.

ಒಂದು ತಿರುವಿನಲ್ಲಿ ಅವನು ಗಕ್ಕನೆ ಕಾರು ನಿಲ್ಲಿಸಿದ.

"ಹಿಪ್ಪುನೇರಳೆ ಕಣಮ್ಮಿ ಇದು."

ಇಬ್ಬರೂ ಕತ್ತೆತ್ತಿ ನೋಡಿದರು. ಊರಿನ ತೋಟದಲ್ಲಿ ಸೊಂಟದೆತ್ತರಕ್ಕೆ ಸಾಲಾಗಿ ನಿಲ್ಲುವ ಗಿಡ ಇಲ್ಲಿ ಮಹಡಿ ಮನೆಯಷ್ಟು ಎತ್ತರ ಬೆಳೆದು ನೆರಳು ಚೆಲ್ಲಿತ್ತು. ಕೆಳಗೆಲ್ಲ ಕಪ್ಪು ಹಣ್ಣು. ಅವನು ಎಲೆ ಕಿತ್ತು ಹೆಬ್ಬೆರಳಲ್ಲಿ ತಿಕ್ಕಿ, "ಒಸಿ ಒರಟು," ಅಂತ ಗಂಭೀರವಾಗಿ ತೀರ್ಪು ಕೊಟ್ಟ. ಅವಳು ಹಣ್ಣು ಆರಿಸಿ ಬಾಯಿ ತುಂಬಿಕೊಂಡಳು.

"ಮೂತಿ ನೋಡ್ಕೊ," ಅಂದ.

"ಯಾಕೆ, ಏನಾಯ್ತು?"

"ಏನಿಲ್ಲ. ನೇರಳೆ ಬಣ್ಣ ನಿಂಗೆ ಒಪ್ತದೆ."

ಹೇಳಿದವನು ತಕ್ಷಣ ಸಮುದ್ರದ ಕಡೆ ತಿರುಗಿಕೊಂಡ. ಆದರೆ ಕಾರು ಹತ್ತುವಾಗ ಮತ್ತೆ ಬಲಗಡೆಗೆ ಬಂದ, ಮತ್ತೆ ಬಾಗಿಲು ತೆಗೆದ. ಕಾಫಿಗೆ ನಿಂತು ಹೊರಟಾಗಲೂ ಅಷ್ಟೇ, ಪೆಟ್ರೋಲ್ ಹಾಕಿಸಿ ಹೊರಟಾಗಲೂ ಅಷ್ಟೇ. ಮೂರನೇ ದಿನದಿಂದ ಭಾನುಪ್ರಿಯ ಬೇಕೆಂದೇ ನಿಧಾನ ನಡೆಯತೊಡಗಿದಳು. ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಹಿಂದೆ ಉಳಿದು, ಅವನು ಬಾಗಿಲು ಹಿಡಿದು ನಿಂತಿರುವುದನ್ನು ದೂರದಿಂದ ನೋಡುತ್ತ ಬರುವುದು. ಅವಳಿಗೆ ಪ್ರೀತಿಯಾಗಿಬಿಟ್ಟಿತ್ತು. ಮದುವೆಯಾಗಿ ಏಳು ವರ್ಷಕ್ಕೆ, ಸ್ವಂತ ಗಂಡನ ಮೇಲೆ. ಯಾರಿಗಾದರೂ ಹೇಳಿಕೊಂಡರೆ ನಗುತ್ತಾರೆ.

ನಾಲ್ಕು ದಿನ ಹೀಗೆ ಕಳೆಯಿತು. ಆಮೇಲೆ ಗ್ರಾಜಿಯಾಳ ಊರು. ಎರಡು ದಿನ ಬಿಸಿನೀರಿನ ಬೋಗುಣಿಯ ಮುಂದೆ ಕೂತು ಗೂಡಿನ ಎಳೆಯ ತುದಿ ಹುಡುಕುವುದನ್ನು ಹೇಳಿಕೊಟ್ಟದ್ದಾಯಿತು. ಹೊರಡುವ ಬೆಳಿಗ್ಗೆ ಹತ್ತಾರು ಹೆಂಗಸರು ಬೀಳ್ಕೊಡಲು ಬೀದಿಗೆ ಬಂದರು. ಬಾಲರಾಜು ಎಂದಿನಂತೆ ಬಲಗಡೆಗೆ ಬಂದು ಬಾಗಿಲು ತೆಗೆದ. ಗ್ರಾಜಿಯಾ ಚಪ್ಪಾಳೆ ತಟ್ಟಿ, ನೋಡಿ, ನಮ್ಮ ಗಂಡಸರು ಇವನಿಂದ ಕಲಿಯಬೇಕು ಅಂದಳು. ಉಳಿದವರೂ ಚಪ್ಪಾಳೆ ತಟ್ಟಿದರು.

ಬಾಲರಾಜುವಿನ ಕಿವಿ ಕೆಂಪಾಯಿತು. "ನೋ, ನೋ ಮೇಡಂ. ಸ್ಟೇರಿಂಗ್ ರಾಂಗ್ ಸೈಡ್. ಇಂಡಿಯಾ, ರೈಟ್ ಸೈಡ್. ಐ ಫರ್ಗೆಟ್. ಎವ್ರಿಡೇ ಫರ್ಗೆಟ್."

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾನುಪ್ರಿಯ ಎಲ್ಲರಿಗಿಂತ ಜೋರಾಗಿ ನಕ್ಕಳು. ಕಾರಿನಲ್ಲಿ ಕೂತ ಮೇಲೆ ಸಂಜೆಯ ತನಕ ಫೋನಿನಲ್ಲಿ ದಾರಿ ನೋಡುತ್ತಲೇ ಇದ್ದಳು. ದಾರಿ ಒಂದೇ ಇತ್ತು.

ಅವನು ಆಮೇಲೂ ಬಲಗಡೆಗೇ ಬರುತ್ತಿದ್ದ. ಬಾಗಿಲು ತೆಗೆದು, "ಥೂ, ಮತ್ತೆ ಮರ್ತ್ಬುಟ್ಟೆ," ಅಂತ ಹಣೆ ಚಚ್ಚಿಕೊಳ್ಳುತ್ತಿದ್ದ. ಅವಳು ಅವನ ಮುಖ ನೋಡದೆ ಹತ್ತಿ ಕೂರುತ್ತಿದ್ದಳು.

ಅದಾಗಿ ಒಂದು ವರ್ಷ. ರಾಮನಗರದಲ್ಲಿ ಹಳೆಯ ಕಾರು, ಹಳೆಯ ಹಾರ್ನು. ಸಂಘದ ಹುಡುಗಿಯರು ಸಮುದ್ರ ಹೇಗಿತ್ತಕ್ಕ ಅಂತ ಕೇಳಿದರೆ ಭಾನುಪ್ರಿಯ ಸಮುದ್ರದ ಸುದ್ದಿ ಹೇಳುತ್ತಾಳೆ. ಆದರೆ ಗೂಡು ಬೇಯುವ ಆವಿ ಮುಖಕ್ಕೆ ಬಡಿದಾಗ ಅವಳಿಗೆ ನೆನಪಾಗುವುದು ಸಮುದ್ರವಲ್ಲ. ಬಿಸಿಲಲ್ಲಿ ಬಾಗಿಲು ಹಿಡಿದು ನಿಂತ ಒಬ್ಬ ಗಂಡಸು. ಅವನು ದಾರಿ ತಪ್ಪಿ ಅಲ್ಲಿಗೆ ಬಂದವನು ಅಂತ ಗೊತ್ತಿದ್ದೂ ಆ ನಾಲ್ಕು ದಿನವನ್ನು ಅವಳು ಯಾರಿಗೂ ತೋರಿಸದೆ ಜೋಪಾನ ಮಾಡಿದ್ದಳು.

ಈಗ ಗ್ರಾಜಿಯಾಳ ಮೇಲ್ ಬಂದಿತ್ತು. ಮೇ ತಿಂಗಳಲ್ಲಿ ಬಾ, ಈ ಸಲ ಒಂದು ಬೆಳೆ ಪೂರ್ತಿ ಇದ್ದು ಕಲಿಸು. ಕೊನೆಯ ಹತ್ತು ದಿನಕ್ಕೆ ಗಂಡನೂ ಬರಲಿ, ಕಾರು ನಾನೇ ಹೇಳಿಟ್ಟಿರುತ್ತೇನೆ. ಒಬ್ಬಳೋ, ಇಬ್ಬರೋ, ಸೋಮವಾರದೊಳಗೆ ತಿಳಿಸು.

ಭಾನುಪ್ರಿಯ "ಒಬ್ಬಳೇ" ಅಂತ ಉತ್ತರ ಬರೆದಳು. ಕಳಿಸದೆ ಇಟ್ಟುಕೊಂಡಳು.

"ಈ ಸಲ ನಾನೊಬ್ಬಳೇ ಹೋಗ್ಬತ್ತೀನಿ," ಅಂದಳು ಗಂಡನಿಗೆ.

ಅವನು ಯೂನಿಫಾರಂ ಮಡಿಸುತ್ತಿದ್ದ. "ಯಾಕೆ?"

"ನಿಮ್ಗೆ ರಜ ಸಿಗ್ಬೇಕಲ್ಲ."

"ಸಿಗ್ತದೆ."

"ಆ ಕಡೆ ಸ್ಟೇರಿಂಗು ನಿಮ್ಗೆ ಒಗ್ಗಲ್ಲ."

ಬಾಲರಾಜು ಅವಳನ್ನೇ ನೋಡಿದ. ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದ. "ಸರಿ. ಹೋಗ್ಬಾ," ಅಂದ. ಹೋಗಬೇಡ ಅನ್ನಲಿಲ್ಲ, ನಾನೂ ಬತ್ತೀನಿ ಅನ್ನಲಿಲ್ಲ. ಅವಳಿಗೆ ಬೇಕಿದ್ದದ್ದು ಅದೆರಡರಲ್ಲಿ ಒಂದು.

ಭಾನುವಾರ ವಾಸಿಂ ಊಟಕ್ಕೆ ಬಂದ. ಬಾಲರಾಜುವಿನ ಜೊತೆಗೇ ಲೈನಿನಲ್ಲಿ ಕೆಲಸ ಮಾಡುವವನು, ಮನೆಯ ಹುಡುಗನ ಹಾಗೆ ಬಂದು ಹೋಗುವವನು. ಮುದ್ದೆಗೆ ಸಾರು ಬಡಿಸುತ್ತ ಭಾನುಪ್ರಿಯ ಮಾತಿಗೆ ಅಂದಳು. "ನಿಮ್ ಫ್ರೆಂಡ್ ಹೆಂಗೆ ಗೊತ್ತಾ? ಅಲ್ಲಿ ಇದ್ದಷ್ಟು ದಿನವೂ ಸ್ಟೇರಿಂಗ್ ಯಾವ ಕಡೆ ಅಂತಲೇ ಮರೀತಿದ್ರು."

ವಾಸಿಂ ತುತ್ತು ಕೈಯಲ್ಲೇ ಹಿಡಿದು ನಿಲ್ಲಿಸಿದ. "ಯಾರು, ಇವ್ನಾ?"

"ಮತ್ಯಾರು? ದಿನಾ ರಾಂಗ್ ಸೈಡ್ ಬಾಗ್ಲು."

"ಅಕ್ಕ, ನಮ್ಮಲ್ಲಿಂದ ಹೊರದೇಶಕ್ಕೆ ಹೋಗೋ ಗಾಡಿ ಎಲ್ಲ ಎಡಗಡೆ ಸ್ಟೇರಿಂಗು. ಅವನ್ನ ಯಾರ್ಡಿಗೆ ಓಡಿಸ್ಕೊಂಡೋಗಿ ನಿಲ್ಸೋದೇ ಇವ್ನು, ನಾಕು ವರ್ಷದಿಂದ. ಕಣ್ಣು ಕಟ್ಟಿ ಬಿಟ್ರೂ ಸರಿಯಾದ್ ಬಾಗ್ಲಿಗೇ ಹೋಯ್ತಾನೆ." ಗೆಳೆಯನ ಕಡೆ ತಿರುಗಿದ. "ಲೇ ಬಾಲ, ಏನ್ಲಾ ಕತೆ ಕಟ್ಟಿದ್ದೀಯ ಅಕ್ಕನ ಹತ್ರ?"

ಬಾಲರಾಜು ತಟ್ಟೆಯಿಂದ ತಲೆ ಎತ್ತಲಿಲ್ಲ. ಕಿವಿ ಮಾತ್ರ ಗ್ರಾಜಿಯಾಳ ಊರಿನಲ್ಲಿ ಆಗಿದ್ದ ಬಣ್ಣಕ್ಕೇ ತಿರುಗಿತ್ತು. ಭಾನುಪ್ರಿಯಳ ಕೈಯ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. ಅವಳು ಒರೆಸುವ ನೆಪದಲ್ಲಿ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಸಂಜೆ ಸಾತನೂರಿಗೆ ಹೋಗಿ, ಅಜ್ಜಿಯ ಮನೆಯಲ್ಲಿದ್ದ ಮಗಳನ್ನು ಕರೆತರಬೇಕಿತ್ತು. ಬಾಲರಾಜು ಕೀ ತಗೊಂಡು ಮುಂಚೆ ಇಳಿದುಹೋದ. ಭಾನುಪ್ರಿಯ ಮನೆಗೆ ಬೀಗ ಹಾಕಿ ಹಾರ್ನಿಗೆ ಕಾದಳು. ಹಾರ್ನ್ ಕೇಳಲಿಲ್ಲ. ಕೆಳಗೆ ಬಂದು ನೋಡಿದರೆ ಅವನು ಕಾರಿನ ಎಡಗಡೆಯ ಬಾಗಿಲು ತೆಗೆದು ಹಿಡಿದು ನಿಂತಿದ್ದ. ಎದುರು ಮನೆಯ ಕೆಹಕಶಾನ್ ಬಟ್ಟೆ ತೆಗೆಯುವುದನ್ನು ಬಿಟ್ಟು ಮಹಡಿಯಿಂದ ನೋಡುತ್ತಿದ್ದಳು.

"ಸ್ಟೇರಿಂಗು ಆ ಕಡೆ ಐತೆ," ಅಂದಳು ಭಾನುಪ್ರಿಯ.

"ಗೊತ್ತು."

"ಮತ್ತೆ ಮರ್ತ್ರಾ?"

"ಇಲ್ಲ." ಅವನು ಬಾಗಿಲಿನ ಅಂಚನ್ನು ಬೆರಳಿನಿಂದ ಸವರಿದ. "ಮೊದಲ್ನೇ ಸಲ ನಿಜವಾಗ್ಲೂ ಮರ್ತಿದ್ದೆ ಕಣೆ. ನಿದ್ದೆ ಇರ್ಲಿಲ್ಲ, ವಿಮಾನ ಇಳ್ದು ಸೀದಾ ಬಂದಿದ್ದು. ಅದು ಬುಟ್ರೆ ಒಂದು ಸಲಾನೂ ಮರ್ತಿಲ್ಲ."

"ಅವ್ರೆಲ್ಲರ ಮುಂದೆ ಯಾಕಂಗಂದ್ರಿ?"

"ನಾಚ್ಕೆ ಆಯ್ತು. ಅಷ್ಟು ಜನ ಚಪ್ಪಾಳೆ ಹೊಡುದ್ರೆ ಏನ್ಮಾಡ್ಲಿ, ಬಾಯಿಗೆ ಬಂದದ್ದು ಅಂದ್ಬುಟ್ಟೆ. ಅಂದ್ಮೇಲೆ ನಿನ್ನ ಮುಖ ನೋಡ್ದೆ. ಸರಿಮಾಡಕ್ಕೆ ಗೊತ್ತಾಗ್ಲಿಲ್ಲ. ಅದ್ಕೇ ದಿನಾ ಮರೀತಾನೇ ಇದ್ದೆ."

ಅವನು ಗಂಟಲು ಸರಿಮಾಡಿಕೊಂಡ.

"ಹನ್ನೆರಡು ವರ್ಷದಿಂದ ಬಾಗ್ಲು ತಗೀತಾ ಇವ್ನಿ. ಎಲ್ಲಾ ಖಾಲಿ ಸೀಟು. ನಾನು ತಗ್ದಿರೋ ಬಾಗ್ಲಲ್ಲಿ ಯಾರೂ ಒಳಗೆ ಹೋಗಿ ಕುಂತ್ಕಂಡಿಲ್ಲ. ಆವತ್ತು ನೀನು ಕುಂತ್ಕಂಡೆ. ನಕ್ಕೊಂಡು ಕುಂತ್ಕಂಡೆ. ಅದುನ್ನ ಇನ್ನೊಂದು ಸಲ ನೋಡ್ಬೇಕು ಅನ್ನುಸ್ತು. ದಿನಾ ಅನ್ನುಸ್ತು."

ಅವಳ ಕಣ್ಣು ತುಂಬಿತು. "ಒಂದು ವರ್ಷ ಸುಮ್ನಿದ್ರಲ್ಲ," ಅಂದಳು. "ನಾನು ಅದೆಲ್ಲ ಸುಳ್ಳು ಅಂದ್ಕಂಡು ಒಂದು ವರ್ಷ ಕಳ್ದೆ."

"ಅಲ್ಲಿ ಯಾರಿಗೂ ನನ್ ಗುರ್ತಿರ್ಲಿಲ್ಲ. ಇಲ್ಲಿ ತಗಿಯಕ್ಕೆ ಧೈರ್ಯ ಬರ್ಲಿಲ್ಲ."

"ಈಗ ಕೆಹಕಶಾನ್ ನೋಡ್ತಾವ್ಳೆ."

"ನೋಡ್ಲಿ."

ಭಾನುಪ್ರಿಯ ದುಪಟ್ಟಾ ಎತ್ತಿ ಹಿಡಿದು ಒಳಗೆ ಕೂತಳು. ಅವನು ಮೆತ್ತಗೆ ಬಾಗಿಲು ಮುಚ್ಚಿದ.

ಕಾರು ಕನಕಪುರ ದಾಟಿತು. ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ ಸಾಲು, ಸಂಜೆಯ ನೀರು ಬಿಟ್ಟಿದ್ದ ವಾಸನೆ. ಅವಳು ಫೋನ್ ತೆಗೆದು "ಒಬ್ಬಳೇ" ಅನ್ನುವುದನ್ನು ಅಳಿಸಿ, ಇಬ್ಬರು ಅಂತ ಬರೆದು ಕಳಿಸಿದಳು. ಬಾಲರಾಜು ಓರೆಗಣ್ಣಿನಲ್ಲಿ ನೋಡಿ, ನೋಡಲಿಲ್ಲವೆಂಬಂತೆ ಗೇರ್ ಬದಲಿಸಿದ.

ಸಾತನೂರಿನ ಮನೆಯ ಮುಂದೆ ಕಾರು ನಿಂತಿತು. ಭಾನುಪ್ರಿಯ ಇಳಿಯಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ನೇರ ಮುಂದೆ ನೋಡುತ್ತ ಕೂತಳು. ಹತ್ತುವಾಗಲಾದರೆ ಮರೆತೆ ಅನ್ನಬಹುದು. ಇಳಿಸುವಾಗ ಬಾಗಿಲು ತೆಗೆಯುವ ಗಂಡಸಿಗೆ ಯಾವ ನೆಪವೂ ಇಲ್ಲ.

ಬಾಲರಾಜುವಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಇಳಿದ, ಕಾರಿನ ಮುಂದಿನಿಂದ ಸುತ್ತಿ ಬಂದ, ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ತಾಯಿಯ ಕಣ್ಣೆದುರೇ ಬಾಗಿಲು ತೆಗೆದು ಹಿಡಿದ.

ಸರಸಮ್ಮ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು.

"ಏನ್ಲಾ, ಒಳಗಿಂದ ಬಾಗ್ಲು ತಗಿಯಕ್ಕೆ ಬರಾಕಿಲ್ವಾ? ಕೆಟ್ಟೋಗೈತಾ?"

"ಇಲ್ಲ ಕಣವ್ವ," ಅಂದ ಬಾಲರಾಜು, ಬಾಗಿಲು ಬಿಡದೆ. "ಚೆನ್ನಾಗೈತೆ."

ಭಾನುಪ್ರಿಯ ಇಳಿದಳು.