ಐದು ಪಾಯಿಂಟ್ ಹತ್ತು

ಸುಮಂಗಲಾ ಚಹಾದ ತಟ್ಟೆ ಇಳಿಸಿ ನೆಟ್ಟಗೆ ನಿಂತಳು. ಹೆಣ್ಣು ನೋಡಲು ಬಂದಿದ್ದ ವರನ ತಾಯಿ ಸಾವಿತ್ರವ್ವನ ಕಣ್ಣು ಮೇಲೆ, ಇನ್ನೂ ಮೇಲೆ ಹೋಯಿತು.

"ಆ್ಯಪಿನಾಗ ಐದಡಿ ಒಂದಿಂಚು ಅಂತ ಇತ್ತಲ್ರಿ?"

ಸಿಂದಗಿಯ ಆ ಪಡಸಾಲೆಯಲ್ಲಿ ಕೂತವರೆಲ್ಲ ಹುಡುಗಿಯತ್ತ ತಿರುಗಿದರು.

"ನಾ ಐದು ಪಾಯಿಂಟ್ ಹತ್ತು ಅಂತ ಹಾಕೇನ್ರಿ," ಅಂದಳು ಸುಮಂಗಲಾ.

ಮಾಸ್ತರನಾಗಿದ್ದ ವರ ಸುಭಾಸ ಫೋನ್ ತೆರೆದು ಅವಳ ಮುಂದೆ ಹಿಡಿದ. ವಧು-ವರರ ಆ್ಯಪಿನಲ್ಲಿ ಅವಳ ಫೋಟೋ, ಕೆಳಗೆ ಎತ್ತರ: 5.1.

"ಉದ್ದ ಇದ್ರ ಇರ್ಲಿ ಬಿಡ್ರಿ," ಅಂದ ಅವನು ಮೆಲ್ಲಗೆ. "ಸುಳ್ಳು ಯಾಕ ಬೇಕಿತ್ತು?"

ಸುಳ್ಳು...

ಮೋರಟಗಿಯ ಶಾಲೆಯಲ್ಲಿ ಪಿ.ಟಿ. ಟೀಚರ್ ಅವಳು. ಆಟದಲ್ಲಿ ಗೆರೆ ತುಳಿದರೆ ತಾನೇ ಹೇಳಬೇಕು ಅಂತ ಮಕ್ಕಳಿಗೆ ಕಲಿಸುವವಳು. ಅವಳನ್ನು ಈ ಗಿಡ್ಡ ಮಾಸ್ತರ ಸುಳ್ಳಿ ಅನ್ನುತ್ತಾನೆ!

ಸಾವಿತ್ರವ್ವ ಮಾತ್ರ ಮೋಸ, ಮೋಸ ಅನ್ನುತ್ತಲೇ ಬಟ್ಟಲಿನ ಶಿರಾ ಬಳಿದು ಮುಗಿಸಿದಳು. ತುಪ್ಪ ಮೆತ್ತಿದ ಆ ಬೆರಳು ನೋಡಿ ಸುಮಂಗಲಾಗೆ ವಾಕರಿಕೆ ಬಂತು. ಮಾನ ತೆಗೆಯುವಾಗಲೂ ಹಸಿವೆಯಾಗುತ್ತದಲ್ಲ ಈ ಜನಕ್ಕೆ.

ಅವರು ಹೋದ ಮೇಲೆ ಅಪ್ಪ ಧರೆಪ್ಪ ಹತ್ತಿರ ಬಂದು ಕೂತ.

"ಖರೇ ಹೇಳವ್ವ. ಸಂಬಂಧ ಬರ್ಲಿ ಅಂತ ನೀನ ಕಡಿಮಿ ಮಾಡಿ ಹಾಕಿದೇನು?"

ಉಳಿದದ್ದೆಲ್ಲ ಹೇಗೋ ನುಂಗಬಹುದಿತ್ತು. ಇದನ್ನು ನುಂಗಲಾಗಲಿಲ್ಲ. 'ಅಪ್ಪನೂ ನಂಬಲಿಲ್ಲ...'

ಅವಳಿಗೆ ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು. ತಲೆಯಿಂದ ಚಪ್ಪಲಿವರೆಗೆ ಅಳೆಯುವ ಕಣ್ಣುಗಳ ಮೇಲೆ, 'ಸ್ವಲ್ಪ ಬಗ್ಗಿ ನಿಲ್ಲು' ಅನ್ನುವ ಚಿಕ್ಕಮ್ಮಂದಿರ ಮೇಲೆ. ಆ ಆ್ಯಪಿನ ಮೇಲಂತೂ ಹೇಳತೀರದಷ್ಟು. 5 ಅಡಿ 10 ಎಂದು ತುಂಬಿದಾಗ ಅದು 'ಅಂಕಿ ಮಾತ್ರ ಹಾಕಿರಿ' ಎಂದು ಕೆಂಪು ಗೆರೆ ಎಳೆದಿತ್ತು. ಊರೆಲ್ಲ ಬರೆಯುವ ಹಾಗೆ 5.10 ಹಾಕಿದಳು, ಸುಮ್ಮನಾಯಿತು. ಆಮೇಲೆ ಅದರ ಮುಖ ನೋಡುವ ಮನಸ್ಸೂ ಅವಳಿಗಿರಲಿಲ್ಲ.

ವಾರದೊಳಗೆ ಸುದ್ದಿ ಇಂಡಿ ಊರು ಮುಟ್ಟಿತು. ಅಲ್ಲಿಂದ ಬರಬೇಕಿದ್ದ ಇನ್ನೊಂದು ಮನೆಯವರು 'ಸುಳ್ಳಿನ ಮನಿ ಬ್ಯಾಡ' ಅಂದರಂತೆ.

ಒಂದು ಸಂಜೆ ಶಾಲೆಯ ಮೈದಾನದ ಅಂಚಿಗೆ ಬೈಕ್ ನಿಂತಿತು. ಇಳಿದವನು ಸುಭಾಸ! ಸುಮಂಗಲಾ ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಮತ್ತ ನನ್ನ ಎತ್ತರ ಅಳ್ಯಾಕ ಬಂದ್ರೇನು?"

"ತಪ್ಪು ಒಪ್ಕೊಳ್ಳಾಕ ಬಂದೇನ್ರಿ."

"ನಿಮ್ಮ ಮಾರಿ ನೋಡಿದ್ರ ಹೇಸಿಕಿ ಬರ್ತೈತ್ರಿ ನನಗ."

"ಬರ್ಲಿ. ಕೇಳಿ ಬೈರಿ." ಅವನು ಫೋನ್ ತೆರೆದ. "ಐದು ಪಾಯಿಂಟ್ ಹತ್ತು ಅಂದ್ರಲ್ಲ, ಅದು ತಲ್ಯಾಗ ಕೊರ್ಯಾಕತ್ತಿತ್ತು. ನನ್ನ ಎತ್ತರದ ಖಾನ್ಯಾಗ 5.10 ಹಾಕಿ ನೋಡಿದೆ. ಉಳಿಸು ಅಂತ ಒತ್ತಿದ ಕೂಡ್ಲೆ 5.1 ಆತು. ಅದು ಅಡಿ-ಇಂಚು ಅಂತ ಓದೂದಿಲ್ರಿ. ದಶಾಂಶ ಅಂತ ಓದಿ, ಪಾಯಿಂಟಿನ ಮುಂದ ಒಂದ ಅಂಕಿ ಇಟ್ಕೋತೈತಿ."

ಅವನು ಬಸವನ ಬಾಗೇವಾಡಿಯಲ್ಲಿ ಗಣಿತ ಕಲಿಸುವವನು. ದಶಾಂಶದ ಕೊನೆಯ ಸೊನ್ನೆಗೆ ಬೆಲೆಯಿಲ್ಲ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು. ಆ ಸೊನ್ನೆಯ ಜೊತೆ ಒಬ್ಬ ಹುಡುಗಿಯ ಒಂಬತ್ತು ಇಂಚೂ ಮಾನವೂ ಹೋಗಿತ್ತು.

"ಇನ್ನೊಂದೈತ್ರಿ..." ಅವನ ದನಿ ಇಳಿಯಿತು. "ನಾ ಐದಡಿ ನಾಲ್ಕೂವರಿ. 5.45 ಅಂತ ಹಾಕಿದ್ದೆ. ಅದನ್ನೂ ಒಂದ ಅಂಕಿಗೆ ಏರಿಸಿ 5.5 ಮಾಡಿ ತೋರಿಸಿತು. ನೋಡಿದವರೆಲ್ಲ ಐದಡಿ ಐದಿಂಚು ಅಂತಾರ. ಅರ್ಧ ಇಂಚು ಹೆಚ್ಚಿಗಿ ಆಗಿದ್ದು ಗೊತ್ತಿದ್ರೂ ಸುಮ್ನಿದ್ದೆ. ಸುಳ್ಳು ನನ್ನ ಕಿಸೆದಾಗ ಇಟ್ಕೊಂಡು ನಿಮಗ ಸುಳ್ಳಿ ಅಂದೆ. ಹೇಸಿಕಿ ನನಗ ನನ್ನ ಮ್ಯಾಲ ಬಂದೈತಿ."

ಸುಮಂಗಲಾಗೆ ಬೈಯಬೇಕೆನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆ.

"ನಮ್ಮಪ್ಪಗ ಹೇಳ್ರಿ ಇದನ್ನ. ನನಗ ಬ್ಯಾಡ."

"ಸಿಂದಗಿಗೆ ಹೋಗಿ, ಅವ್ರ ಮುಂದ ಫೋನಿನಾಗ ಮಾಡಿ ತೋರಿಸೇ ಬಂದೇನ್ರಿ. 'ಮಗಳನ್ನ ನಂಬಲಿಲ್ಲಲ್ಲೋ' ಅಂತ ಅತ್ತರು. ಇಂಡಿಯವರಿಗೆ ನಮ್ಮವ್ವನ ಕಡಿಂದನ ಫೋನ್ ಮಾಡಿಸೇನಿ."

ಅವಳು ಮುಖ ತಿರುಗಿಸಿ ನಿಂತಳು. ಇಷ್ಟು ದಿನ ಬಾರದಿದ್ದ ಅಳು ಆಗ ಬಂತು. ಅವನು ಸಮಾಧಾನ ಹೇಳಲಿಲ್ಲ, ಹತ್ತಿರವೂ ಬರಲಿಲ್ಲ. ಅಳು ಮುಗಿಯುವ ತನಕ ನಿಂತುಕೊಂಡ. ಅದು ಅವಳಿಗೆ ಹಿಡಿಸಿತು.

"ಎಲ್ಲಾ ಆತಲ್ರಿ. ಇನ್ನ ಹೋಗ್ರಿ," ಅಂದಳು ಕಣ್ಣೊರೆಸಿಕೊಂಡು.

"ಒಂದು ಉಳದೈತಿ. ಅವತ್ತು ನೀವು ಬಗ್ಗದ ನಿಂತ್ರಲ್ಲ, ಆಗಿಂದ ನೀವು ಮನಸಿನಾಗ ಅದೀರಿ. ಅದಕ್ಕ ಸುಳ್ಳು ಅಂತ ಅನಿಸಿದಾಗ ಅಷ್ಟು ಸಂಕಟ ಆತು."

"ಮಂದಿ ನಗ್ತಾರ."

"ನಗ್ಲಿ. ನಾ ನಿಮಗಿಂತ ಐದೂವರಿ ಇಂಚು ಗಿಡ್ಡ. ಅದರಾಗ ಒಂದು ಕೂದಲೆಳಿನೂ ಮುಚ್ಚಿಡೂದಿಲ್ಲ."

ಅವಳ ತುಟಿ ಅಂಚಿನಲ್ಲಿ ನಗು ಇಣುಕಿತು, ಹೇಸಿಗೆ ಎಲ್ಲಿ ಹೋಯಿತೋ.

"ಲಗ್ನದ ಫೋಟೋದಾಗ ನಾ ಬಗ್ಗೂದಿಲ್ರಿ."

"ಬಗ್ಗಬ್ಯಾಡ್ರಿ. ನಾನೂ ಮಣೆ ಮ್ಯಾಲ ಹತ್ತೂದಿಲ್ಲ."

"ಹಂಗಾದ್ರ ಈ ಸಲ ನಾವು ನಿಮ್ಮ ಮನಿಗೆ ಬರ್ತೇವಿ. ನಿಮ್ಮ ಅವ್ವಾರಿಗೆ ಶಿರಾ ಮಾಡಾಕ ಹೇಳ್ರಿ."

"ಹೇಳ್ತೇನಿ. ಕುಂದ್ರಾಕ ದೊಡ್ಡ ಕುರ್ಚಿ ಹಾಕಸ್ಲೇನು?"

"ಬ್ಯಾಡ್ರಿ," ಅಂದಳು ಸುಮಂಗಲಾ, ಬೆನ್ನು ನೆಟ್ಟಗೆ ಮಾಡಿ. "ನಾ ನಿಂತ ತಿಂತೇನಿ."