ಶಂಖಪುಷ್ಪದ ನೀಲಿ

೧೯೭೯ರ ಯುಗಾದಿಗೆ ಈರಣ್ಣನಿಗೆ ಅರವತ್ತು ತುಂಬಿತು. ಅಷ್ಟಕ್ಕೆ ಅವನು ಬಾರ್ ಬಿಟ್ಟು ಊರಿಗೆ ಹೋಗಬೇಕಿತ್ತು. ಪುಣೆ ಕ್ಯಾಂಪಿನ ಆ ಹಳೆಯ ಕ್ಲಬ್ಬಿನಲ್ಲಿ ಒಂಬತ್ತು ವರ್ಷ ಅವನ ಬೆನ್ನ ಹಿಂದೆ ನಿಂತು ನಿಂಬೆಹಣ್ಣು ಕೊಯ್ದ ಕಾಶಪ್ಪನಿಗೆ ಆ ಜಾಗ ಸಿಗಬೇಕಿತ್ತು.

"ಇನ್ನೆರಡು ವರ್ಷ ಇರು ಅಂದಾರ ನೋಡಪಾ ಸೆಕ್ರೆಟರಿ ಸಾಹೇಬ್ರು," ಎಂದು ಈರಣ್ಣ ಬಂದು ಹೇಳಿದ.

"ಭಾಳ ಛಲೋ ಆತು ಕಾಕಾ," ಎಂದ ಕಾಶಪ್ಪ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ನಾಚಿಕೆಯಾಯಿತು.

ಕಾಶಪ್ಪನನ್ನು ಊರಿನಿಂದ ಕೈಹಿಡಿದು ಕರೆತಂದವನು ಈರಣ್ಣನೇ. ಕ್ಲಬ್ಬಿನ ಹಿಂದಿನ ಅವನ ಒಂದೇ ಕೋಣೆಯಲ್ಲಿ, ಅವನದೇ ಕೌದಿ ಹಾಸಿಕೊಂಡು ಕಾಶಪ್ಪ ಎರಡು ವರ್ಷ ಮಲಗಿದ್ದ. ಇದನ್ನೆಲ್ಲ ಅವನು ಮರೆತಿರಲಿಲ್ಲ. ನೆನಪು ಅವನನ್ನು ತಡೆಯಲಿಲ್ಲ, ಅಷ್ಟೆ.

ಈರಣ್ಣನನ್ನು ಆ ಜಾಗದಿಂದ ಎಬ್ಬಿಸುವ ದಾರಿ ತೋರಿಸಿದ್ದು ಸೆಕ್ರೆಟರಿ ಸಾಹೇಬರು ವಿದೇಶದಿಂದ ತಂದ ಒಂದು ಬಾಟಲಿ. ಕಿತ್ತಳೆ ಸಿಪ್ಪೆಯ ವಾಸನೆಯ ಸಿಹಿ ಮದ್ಯ, ಬಣ್ಣ ಮಾತ್ರ ಅಚ್ಚ ನೀಲಿ. ಜಿನ್, ಈ ನೀಲಿ, ಮೇಲೆ ನಿಂಬೆರಸ: ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಇದೇ ಕಾಕ್‌ಟೇಲ್ ಎಂದು ಅವರು ನಿರ್ಧರಿಸಿದ್ದರು. ಶುಕ್ರವಾರ ಈರಣ್ಣನಿಂದ ಒಂದು ಗ್ಲಾಸು ಮಾಡಿಸಿ ಕುಡಿದೂ ನೋಡಿದ್ದರು. ನಿಂಬೆ ಬಿದ್ದ ಮೇಲೂ ಅದು ನೀಲಿಯಾಗಿಯೇ ಇತ್ತು.

ಪುಣೆಯ ಅಂಚಿನ ಧನಕವಡಿಯಲ್ಲಿ ಕಾಶಪ್ಪನ ಬಾಡಿಗೆ ಮನೆಯ ಬೇಲಿಗೆ ಶಂಖಪುಷ್ಪದ ಬಳ್ಳಿ ಹಬ್ಬಿತ್ತು. ಹೆಂಡತಿ ಲೀಲಾಕ್ಷಿ ಪೂಜೆಗೆ ಕಿತ್ತಿಟ್ಟ ಹೂವಿನ ನೀರಿಗೆ ಒಮ್ಮೆ ನಿಂಬೆಹೋಳು ಬಿದ್ದು, ನೀಲಿ ನೀರು ಕಣ್ಣೆದುರೇ ಗುಲಾಬಿಗೆ ತಿರುಗಿದ್ದನ್ನು ಅವನು ನೋಡಿದ್ದ. ಆಗ ಅದು ಬರಿ ಸೋಜಿಗ.

ಈಗ ಅವನು ಒಂದೊಂದನ್ನೇ ಜೋಡಿಸಿದ. ಜಿನ್ನಿನಲ್ಲಿ ಒಣಗಿದ ಕಿತ್ತಳೆ ಸಿಪ್ಪೆ ನೆನೆಹಾಕಿ, ಸಕ್ಕರೆ ಪಾಕ ಬೆರೆಸಿ, ಎರಡು ಹಿಡಿ ಹೂ ಕಿವುಚಿದರೆ ಕಣ್ಣಿಗೂ ಮೂಗಿಗೂ ಅಸಲಿಯೇ. ಅದನ್ನು ಸಾಹೇಬರ ಬಾಟಲಿಗೆ ತುಂಬಬೇಕು. ಈರಣ್ಣ ಅತಿಥಿಗಳ ಎದುರಲ್ಲೇ ನಿಂಬೆ ಹಿಂಡುವವನು. ಅದು ಅವನ ಹೆಮ್ಮೆ. ಹಿಂಡಿದ ಕ್ಷಣ ಬಣ್ಣ ಓಡಿಹೋಗುತ್ತದೆ. ನಕಲಿ ಎಂದು ಸಾಹೇಬರಿಗೆ ಗೊತ್ತಾಗುತ್ತದೆ. ಮದ್ಯದ ಕಪಾಟಿನ ಕೀಲಿ ಇರುವುದು ಈರಣ್ಣನ ಉಡದಾರದಲ್ಲಿ. ಕೋಣೆ ಹುಡುಕಿಸಿದರೆ ಅವನ ಬೀಗವಿಲ್ಲದ ಟ್ರಂಕಿನಲ್ಲಿ, ಕೌದಿಯ ಮಡಿಕೆಯೊಳಗೆ, ಅಸಲಿ ಮದ್ಯ ಒಂದು ಔಷಧದ ಸೀಸೆಯಲ್ಲಿ ಸಿಗುತ್ತದೆ. ಮುದುಕನೆಂದು ಪೊಲೀಸರಿಗೆ ಕೊಡಲಿಕ್ಕಿಲ್ಲ, ಊರಿಗೆ ಕಳಿಸುತ್ತಾರೆ. ಹೇಗೂ ಹೋಗಬೇಕಾದ ಊರು. ಹೀಗೆ ತನಗೆ ತಾನೇ ಹೇಳಿಕೊಂಡಾಗ ಕಾಶಪ್ಪ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲಿಲ್ಲ.

ಕೀಲಿ ಕದಿಯುವ ಕಷ್ಟವೂ ಬರಲಿಲ್ಲ. ಶನಿವಾರ ಬಾಟಲಿ ಒರೆಸುವ ದಿನ. ಈರಣ್ಣ ತಾನೇ ಬಿಚ್ಚಿ ಕೊಟ್ಟ. "ನನ್ನ ಮೊಣಕಾಲು ನೊಯ್ತಾವ, ನೀನ ಒರಸಿ ಇಡು," ಎಂದ. ಆ ಕೀಲಿಯಲ್ಲಿ ಇನ್ನೂ ಮೈಯ ಬಿಸಿ ಇತ್ತು.

ಅಸಲಿ ಮದ್ಯದ ಸೀಸೆಯನ್ನು ಕಾಶಪ್ಪ ಅವತ್ತೇ ಈರಣ್ಣನ ಟ್ರಂಕಿಗೆ ಸೇರಿಸಿದ. ಹೂವಿನ ನೀಲಿಯನ್ನು ಸೋಸಿ ಬಾಟಲಿಗೆ ತುಂಬುವಾಗ ಅವನ ಬಿಳಿ ಕೋಟಿನ ಬಲತೋಳಿನ ಅಂಚಿಗೆ ಒಂದಿಷ್ಟು ಸಿಡಿಯಿತು. ತೊಳೆದರೆ ತಿಳಿಯಾಯಿತು, ಹೋಗಲಿಲ್ಲ. ಕಾಶಪ್ಪ ಹೆದರಲಿಲ್ಲ. ಲೀಲಾಕ್ಷಿ ಬಿಳಿ ಬಟ್ಟೆಗೆ ನೀಲಿ ಹಾಕುವಾಗ ಸರಿಯಾಗಿ ಕದಡುವವಳಲ್ಲ. ಅವನ ಕೋಟಿನ ಮೇಲೆ ಎಲ್ಲಾದರೂ ಒಂದು ನೀಲಿ ಮಚ್ಚೆ ಇದ್ದೇ ಇರುತ್ತಿತ್ತು. ಈರಣ್ಣ ಅದಕ್ಕೆ ನಗುತ್ತಿದ್ದ: "ನಿನ್ನ ಹೇಣ್ತಿ ನಿನ್ನ ಮ್ಯಾಲ ಆಕಾಶ ಬರದಾಳ."

ಭಾನುವಾರ ಮಧ್ಯಾಹ್ನ ವಾರ್ಷಿಕೋತ್ಸವಕ್ಕೆ ಹುಲ್ಲುಹಾಸಿನ ಮೇಲೆ ಕುರ್ಚಿಗಳು ತುಂಬಿದ್ದವು. ಬೆಳಗಿನಿಂದ ಕಾಶಪ್ಪ ಇನ್ನೂರು ನಿಂಬೆ ಕೊಯ್ದಿದ್ದ. ಈರಣ್ಣ ಮೊದಲ ಗ್ಲಾಸನ್ನು ಎತ್ತಿ ತೋರಿಸಿ ನಿಂಬೆ ಹಿಂಡಿದ. ನೀಲಿ ನಡುಗಿ, ನೇರಳೆಯಾಗಿ, ಗುಲಾಬಿಯಾಯಿತು.

ಎಲ್ಲರೂ ಸುಮ್ಮನಾದರು. ಈ ಮೌನವನ್ನು ಕಾಶಪ್ಪ ಮೊದಲೇ ಲೆಕ್ಕ ಹಾಕಿದ್ದ. ಅದರ ನಂತರದ್ದನ್ನು ಹಾಕಿರಲಿಲ್ಲ. ಮುಂದಿನ ಸಾಲಿನ ಒಬ್ಬ ಮುದುಕಿ ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ ತಟ್ಟಿದರು. ತಮಗೂ, ತಮಗೂ ಎಂದು ಮುಗಿಬಿದ್ದರು. ಈರಣ್ಣ ಹಿಂಡುತ್ತಲೇ ಇದ್ದ, ಬೆರಗಾದ ಮುಖದಲ್ಲಿ. ಗದ್ದಲ ತಗ್ಗಿದ ಮೇಲೆ ಸಾಹೇಬರು ಬಂದು, ಶುಕ್ರವಾರ ಇದು ಹೀಗಾಗಿರಲಿಲ್ಲವಲ್ಲ ಎಂದು ಹಿಂದಿಯಲ್ಲಿ ಕೇಳಿದರು. ತನ್ನದೇ ಕೈಚಳಕ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈರಣ್ಣ ತಲೆಯಾಡಿಸಿ, ಇಂಥ ವಿದ್ಯೆ ತನಗೆ ಬಾರದು ಎಂದ. ಇನ್ನೊಂದು ನಿಂಬೆಹೋಳಿಗಾಗಿ ಹಿಂದೆ ಕೈಚಾಚಿದವನು, ಹೋಳು ಕೊಡುತ್ತಿದ್ದ ಕಾಶಪ್ಪನ ತೋಳು ನೋಡಿ ಹಾಗೇ ನಿಂತ.

ಬಟ್ಟೆಗೆ ಹಾಕುವ ನೀಲಿ ನಿಂಬೆಗೆ ಬಣ್ಣ ಬದಲಿಸುವುದಿಲ್ಲ. ಬೆಳಗಿನಿಂದ ಮಣಿಕಟ್ಟಿನ ಮೇಲೆ ಇಳಿದ ನಿಂಬೆರಸಕ್ಕೆ ಕಾಶಪ್ಪನ ತೋಳಿನಂಚಿನ ಮಚ್ಚೆ, ಗ್ಲಾಸಿನಲ್ಲಿದ್ದಷ್ಟೇ ಗುಲಾಬಿಯಾಗಿತ್ತು. ಈರಣ್ಣ ಆ ಕೈಯನ್ನು ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದ. "ನೀ ಮಾಡಿದ್ದೇನಪಾ ಇದು? ಕಾಕಾಗ ಒಂದು ಮಾತು ಹೇಳಬಾರದೇನು?" ಎಂದವನ ಕಣ್ಣು ತುಂಬಿತ್ತು. ಇವನು ತನ್ನ ಹುಡುಗ, ಬಾರ್ ಇವತ್ತೇ ಇವನಿಗೆ ಕೊಡಿ, ತಾನು ನೆಮ್ಮದಿಯಾಗಿ ಊರಿಗೆ ಹೋಗುತ್ತೇನೆ ಎಂದು ಸಾಹೇಬರಿಗೆ ಹರಕು ಹಿಂದಿಯಲ್ಲಿ ಹೇಳಿದ. ಸಾಹೇಬರು ಮಚ್ಚೆ ನೋಡಿದರು, ಗ್ಲಾಸು ನೋಡಿದರು. ಹಾಗಾದರೆ ತಾವು ತಂದ ಮದ್ಯ ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು. ಕಾಶಪ್ಪ ಏನು ಹೇಳುವನೋ ಎಂದು ಈರಣ್ಣನೂ ಅವನತ್ತ ತಿರುಗಿದ, ಇನ್ನೂ ಹೆಮ್ಮೆಯಿಂದಲೇ, ಕೈ ಬಿಡದೆ.