ಬೂದು ಬಣ್ಣಕ್ಕೆ ತಿರುಗಿದ ಕಲ್ಲು

ಬೆಳಿಗ್ಗೆ ಪರೀಕ್ಷೆಯ ಪೆಟ್ಟಿಗೆ ತೆರೆದರೆ, ನಿನ್ನೆ ಕಪ್ಪಗಿದ್ದ ಶೇಲ್ ಎಂಬ ಪದರಗಲ್ಲು ಬೂದು ಬಣ್ಣವಾಗಿತ್ತು!

ನೆಲದೊಳಗಿನ ಎಣ್ಣೆ ಹುಡುಕಲು ಎರಡು ಸಾವಿರ ಮೀಟರ್ ಆಳದಿಂದ ಕೊರೆದು ತೆಗೆದ ಕಲ್ಲು ಅದು. ಉದ್ದಕ್ಕೆ ಸೀಳಿ ಅರ್ಧವನ್ನು ನನ್ನ ಉಗ್ರಾಣಕ್ಕೆ ಕೊಟ್ಟಿದ್ದರು, ಇನ್ನರ್ಧ ಪರೀಕ್ಷೆಗೆ. ಪರೀಕ್ಷೆ ಮಾಡುವ ಹುಡುಗಿ ಅದರ ಚೂರೊಂದನ್ನು, ಕಲ್ಲು ಕಾಯಿಸಿ ಎಣ್ಣೆ ಅಳೆಯುವ ಯಂತ್ರಕ್ಕೆ ಹಾಕಿದಳು. ಎಣ್ಣೆಯ ಸುಳಿವೇ ಇಲ್ಲ.

"ಕಳ್ಳ ಯಾರು? ಅಸಲಿ ಕಲ್ಲನ್ನ ಯಾರಿಗೆ ಕೊಟ್ಟೆ?" ಮ್ಯಾನೇಜರು ಅವಳ ಮೇಲೆ ಗುಡುಗಿದರು. "ಸಂಜೆಯೊಳಗೆ ಹೇಳು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ನಾನು ಯಾರಿಗೂ ಕೊಟ್ಟಿಲ್ಲ ಸಾರ್..." ಎಂದಳು ಹುಡುಗಿ.

ಮಧ್ಯಾಹ್ನ ಮುಖ್ಯ ಕಚೇರಿಯಿಂದ ತನಿಖೆಗೆ ಒಬ್ಬಾಕೆ ಬಂದರು. ಕೂರಲೂ ಇಲ್ಲ.

"ಅಜ್ಜಾ, ನಿಮ್ಮ ಹತ್ರ ಇರೋ ಅರ್ಧ ತನ್ನಿ."

ನಾನು ತಂದುಕೊಟ್ಟೆ. ಎರಡನ್ನೂ ಜೋಡಿಸಿದರು. ಕಲ್ಲೊಳಗಿನ ಒಂದು ಬಿಳಿ ಗೆರೆ ಈ ತುಂಡಿನಿಂದ ಆ ತುಂಡಿಗೆ ಕೂದಲೆಳೆಯಷ್ಟೂ ತಪ್ಪದೆ ಹರಿದಿತ್ತು.

"ಕಲ್ಲು ಬದಲಾಗಿಲ್ಲ. ಇದು ಅದೇ."

"ಹಾಗಾದ್ರೆ ಎಣ್ಣೆ ಎಲ್ಲಿ? ಕಾಗೆ ಕುಡೀತಾ?" ಎಂದರು ಮ್ಯಾನೇಜರು.

"ಎಣ್ಣೆ ಇನ್ನೂ ಆಗೇ ಇರ್ಲಿಲ್ಲ ಸಾರ್," ಎಂದರು ತನಿಖೆಗೆ ಬಂದಾಕೆ. " ಹಿಂದೆ ಯಾವತ್ತೋ ನೀರಿನ ತಳದಲ್ಲಿ ಸತ್ತ ಪಾಚಿ, ಹುಳ ಕೆಸರಲ್ಲಿ ಹೂತುಹೋದ್ವು. ಗಾಳಿ ಇಲ್ದೆ ಪೂರ್ತಿ ಕೊಳೀದೆ ಜಿಡ್ಡಾಗಿ ಉಳಿದ್ವು. ಕೆಸರು ಕಲ್ಲಾಯ್ತು. ಆಳಕ್ಕೆ ಹೋದ ಹಾಗೆ ನೆಲದ ಬಿಸಿ ತಾಗಿ, ಆ ಜಿಡ್ಡು ಎಣ್ಣೆ ಆಗುತ್ತೆ; ಇನ್ನೂ ಬಿಸಿಯಾದ್ರೆ ಗ್ಯಾಸ್. ಲಕ್ಷಾಂತರ ವರ್ಷ ಸಣ್ಣ ಉರಿಯ ಅಡುಗೆ. ಈ ಕಲ್ಲು ಇನ್ನೂ ಅರೆಬೆಂದಿತ್ತು. ಅದನ್ನ ಇಲ್ಲಿ ಯಾರೋ ನಿನ್ನೆ ಒಂದೇ ಮಧ್ಯಾಹ್ನದಲ್ಲಿ ಬೇಯಿಸಿ ಮುಗಿಸಿದಾರೆ! ಕಪ್ಪು ಜಿಡ್ಡೆಲ್ಲ ಸುಟ್ಟು ಹೊಗೆಯಾಗಿ ಹೋಗಿ, ಬೂದು ಕಲ್ಲು ಮಾತ್ರ ಉಳಿದಿದೆ."

ಎಲ್ಲರೂ ಹುಡುಗಿಯತ್ತ ನೋಡಿದರು.

"ಅವಳನ್ನಲ್ಲ, ಕಲ್ಲುಗಳಿಗೆ ಅಂಟಿಸಿರೋ ನಂಬರ್ ಚೀಟಿಗಳನ್ನ ನೋಡಿ," ಎಂದರು ಆಕೆ. "ಪೆಟ್ಟಿಗೆಯಲ್ಲಿರೋ ಬೇರೆ ಕಲ್ಲುಗಳ ಚೀಟಿ ಎಲ್ಲಾ ಸುಕ್ಕಾಗಿ ಅಂಚು ಎದ್ದಿವೆ, ಅಂಟಿಸುವಾಗ ಆ ಕಲ್ಲುಗಳು ಒದ್ದೆ ಇದ್ವು. ಇದೊಂದು ಮಾತ್ರ ನೀಟಾಗಿ ಕೂತಿದೆ. ಕಲ್ಲು ಸುಟ್ಟು ಒಣಗಿದ ಮೇಲೆ ಅಂಟಿಸಿದ್ದು. ಚೀಟಿ ಅಂಟಿಸೋರು ಯಾರು?"

ಮೂಲೆಯಲ್ಲಿ ಅಂಟಿನ ಡಬ್ಬಿ ಹಿಡಿದು ಕೂತಿದ್ದ, ನಾವೆಲ್ಲ ಚೀಟಿ ಮಾವ ಅನ್ನುವ ಮುದುಕ ಮೆಲ್ಲನೆ ಎದ್ದ. ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ನಾನೇ ಅಮ್ಮಾ. ಒದ್ದೆ ಕಲ್ಲಿಗೆ ಅಂಟು ಹಿಡಿಯಲ್ಲ, ಇದರ ಚೀಟಿ ಬಿದ್ದೇ ಹೋಯ್ತು. ಚೀಟಿ ಇಲ್ದಿದ್ರೆ ಈ ಮಗೂಗೇ ಬೈತಾರೆ. ಒಣಗಿಸೋ ಓವನ್ ಕೆಟ್ಟಿತ್ತು. ಪಕ್ಕದ ಫರ್ನೇಸ್‌ನಲ್ಲಿಟ್ಟೆ. ಒಲೆ ಅಂದ್ರೆ ಒಲೆ ಅಂದ್ಕೊಂಡೆ."

"ಅದು ಐನೂರು ಡಿಗ್ರಿ, ಮಾರಾಯ! ಬೆಳಿಗ್ಗೆಯಿಂದ ಯಾಕೆ ಬಾಯಿ ಬಿಡ್ಲಿಲ್ಲ?" ಎಂದರು ಮ್ಯಾನೇಜರು.

"ಕಳ್ಳ ಯಾರು ಅಂತ ಕೇಳಿದ್ರಿ. ನಾನು ಕದ್ದಿಲ್ವಲ್ಲ ಸಾಹೇಬ್ರೇ."

ಯಾರಿಗೂ ನಗಲಾಗಲಿಲ್ಲ. ಮಾವ ಅಂಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ತಿರುಗಿದ. ಹುಡುಗಿ ಕಣ್ಣೊರೆಸಿಕೊಂಡು ಅಡ್ಡ ನಿಂತಳು.

"ಎಲ್ಲಿಗೆ ಮಾವ? ಸಾರ್, ಅಜ್ಜನ ಹತ್ರ ಇರೋ ಅರ್ಧದಿಂದ ಒಂದು ಚೂರು ತಗೊಂಡು ನಾಳೆ ಪರೀಕ್ಷೆ ಮಾಡ್ತೀನಿ. ಆದ್ರೆ ಅದರ ಚೀಟಿ ಮಾವನೇ ಅಂಟಿಸ್ಬೇಕು."

ಮ್ಯಾನೇಜರು ಮಾವನನ್ನು ನೋಡಿದರು, ಹುಡುಗಿಯನ್ನು ನೋಡಿದರು.

"ಮೊದ್ಲು ಆ ಓವನ್ ರಿಪೇರಿ ಮಾಡ್ಸಿ," ಎಂದರು.